ಕಡಿಯದ ಕಾಡಿಗೆ ಬೆಲೆ ಕಟ್ಟುವುದು ಹೇಗೆ?

ಕಾಡು ಉಳಿಸಿಕೊಂಡ ಉಷ್ಣವಲಯದ ದೇಶಗಳಿಗೆ ಹಣ ಕೊಡುವ ‘ರೆಡ್ ಪ್ಲಸ್’ ಏರ್ಪಾಡಿನ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಕಾಡು ಕಡಿಯದೇ ಇದ್ದದ್ದಕ್ಕೆ ದುಡ್ಡು ಕೊಡುತ್ತಾರಂತೆ. ಯಾರು, ಯಾರಿಗೆ, ಯಾಕೆ ಕೊಡುತ್ತಾರೆ?

ಮರದ ಒಣತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಕಾಡು ಕಡಿದು ಸುಟ್ಟರೆ ಅದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಇದು ಗೊತ್ತಿದ್ದರೂ ಹೊಗೆ ಇಳಿಸಲು ದೇಶಗಳು ಮಾಡಿಕೊಂಡ ಕ್ಯೋಟೊ ಒಪ್ಪಂದದ ಕಾರ್ಬನ್ ಯೋಜನೆಗಳಲ್ಲಿ ಹೊಸದಾಗಿ ಗಿಡ ನೆಟ್ಟವರಿಗೆ ಮಾತ್ರ ಜಾಗವಿತ್ತು, ಇದ್ದ ಕಾಡನ್ನು ಉಳಿಸಿಕೊಂಡವರಿಗೆ ಇರಲಿಲ್ಲ. 2005ರ ಮಾಂಟ್ರಿಯಲ್ ಹವಾಮಾನ ಸಮ್ಮೇಳನದಲ್ಲಿ ಪಪುವಾ ನ್ಯೂಗಿನಿ ಮತ್ತು ಕೋಸ್ಟರಿಕಾ ಈ ಕೊರತೆಯನ್ನು ಎತ್ತಿ ತೋರಿಸಿದವು. 2007ರಲ್ಲಿ ಬಾಲಿಯಲ್ಲಿ ಅದು ಮಾತುಕತೆಯ ವಿಷಯಪಟ್ಟಿಗೆ ಸೇರಿತು, 2010ರಲ್ಲಿ ಕಾನ್‌ಕುನ್‌ನಲ್ಲಿ ರೂಪ ಪಡೆಯಿತು, 2013ರಲ್ಲಿ ವಾರ್ಸಾದಲ್ಲಿ ಮುಖ್ಯ ನಿಯಮಗಳು ಸಿದ್ಧವಾದವು. ಪ್ಯಾರಿಸ್ ಒಪ್ಪಂದದ 5ನೇ ವಿಧಿ ಅದನ್ನೇ ಎತ್ತಿಹಿಡಿದಿದೆ.

ಮುಖ್ಯ ತತ್ವ ಒಂದೇ: ಮೊದಲು ಫಲಿತಾಂಶ, ಆಮೇಲೆ ಹಣ. ಹಣ ಪಡೆಯಬೇಕಾದ ದೇಶದ ಕೈಯಲ್ಲಿ ನಾಲ್ಕು ಸಂಗತಿಗಳು ಸಿದ್ಧವಿರಬೇಕು. ಕಾಡು ಉಳಿಸುವ ರಾಷ್ಟ್ರೀಯ ಕಾರ್ಯಯೋಜನೆ ಒಂದು. ಹೋಲಿಸಿ ನೋಡಲು ಹಿಂದಿನ ವರ್ಷಗಳ ಹೊರಸೂಸುವಿಕೆಯ ಆಧಾರ ಮಟ್ಟ ಇನ್ನೊಂದು. ಮೂರನೆಯದು ಕಾಡಿನ ಮೇಲೆ ಕಣ್ಣಿಡುವ ವ್ಯವಸ್ಥೆ. ಕಾಡಿನಲ್ಲಿ ಬದುಕುವವರ ಹಕ್ಕು, ಜೀವವೈವಿಧ್ಯ ಇವನ್ನೆಲ್ಲ ಹೇಗೆ ಕಾಪಾಡಲಾಗಿದೆ ಎಂಬ ಮಾಹಿತಿ ನಾಲ್ಕನೆಯದು. ಕೊಡುವವರಲ್ಲಿ ಎಲ್ಲರಿಗಿಂತ ಮುಂದೆ ನಿಂತದ್ದು ನಾರ್ವೆ. ವಿಶ್ವಬ್ಯಾಂಕ್‌ನಲ್ಲಿರುವ ಅರಣ್ಯ ಇಂಗಾಲ ನಿಧಿ ಮತ್ತು ಹಸಿರು ಹವಾಮಾನ ನಿಧಿಯೂ ಕೊಟ್ಟಿವೆ. ಇತ್ತೀಚೆಗೆ ಖಾಸಗಿ ಕಂಪನಿಗಳೂ ಕೊಳ್ಳಲು ಬಂದಿವೆ.

ಪ್ರಶ್ನೆ: ಒಂದು ಕಾಡಿನಲ್ಲಿ ಇಷ್ಟೇ ಇಂಗಾಲ ಇದೆ ಎಂದು ಅಳೆಯುವುದು ಹೇಗೆ? ಪ್ರತಿ ಮರವನ್ನೂ ತೂಗಲು ಆಗುವುದಿಲ್ಲವಲ್ಲ.

ತೂಗುವುದಿಲ್ಲ. ಆಯ್ದ ತಾಕುಗಳಲ್ಲಿ ಮರಗಳನ್ನು ಅಳೆದು, ಸೂತ್ರ ಹಾಕಿ ತೂಕ ಅಂದಾಜಿಸುತ್ತಾರೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ, ಮರದ ಎತ್ತರ, ಆ ಜಾತಿಯ ಕಟ್ಟಿಗೆಯ ಸಾಂದ್ರತೆ ಈ ಮೂರು ಗೊತ್ತಿದ್ದರೆ ಸಾಕು. ಉಷ್ಣವಲಯದ ಕಾಡುಗಳಿಗೆ ಹೆಚ್ಚು ಬಳಕೆಯಲ್ಲಿರುವ ಸೂತ್ರವೊಂದರಲ್ಲಿ ಸಾಂದ್ರತೆ, ವ್ಯಾಸದ ವರ್ಗ ಮತ್ತು ಎತ್ತರವನ್ನು ಗುಣಿಸಿ, ಬಂದದ್ದನ್ನು 0.976 ಘಾತಕ್ಕೆ ಏರಿಸಿ, 0.0673ರಿಂದ ಗುಣಿಸುತ್ತಾರೆ. 50 ಸೆಂ.ಮೀ. ವ್ಯಾಸ, 30 ಮೀಟರ್ ಎತ್ತರ, 0.6 ಸಾಂದ್ರತೆಯ (ಘನ ಸೆಂ.ಮೀ.ಗೆ 0.6 ಗ್ರಾಂ) ಮರವನ್ನು ತೆಗೆದುಕೊಳ್ಳಿ. ನೆಲದ ಮೇಲಿನ ಭಾಗದ ಒಣತೂಕ ಸುಮಾರು 2,340 ಕೆ.ಜಿ. ಅದರ ಶೇ 47 ಇಂಗಾಲ, ಅಂದರೆ 1.1 ಟನ್. ಇಂಗಾಲದ ತೂಕ 12 ಇದ್ದರೆ ಅದರಿಂದಾಗುವ ಇಂಗಾಲದ ಡೈಆಕ್ಸೈಡ್‌ನ ತೂಕ 44. ಆದ್ದರಿಂದ ಇದನ್ನು 44/12ರಿಂದ, ಅಂದರೆ 3.67ರಿಂದ, ಗುಣಿಸಿದರೆ 4 ಟನ್ ಇಂಗಾಲದ ಡೈಆಕ್ಸೈಡ್. ಟನ್ನಿಗೆ 5 ಡಾಲರ್ ಎಂದರೆ ಆ ಒಂದು ಮರ ಉಳಿದದ್ದಕ್ಕೆ 20 ಡಾಲರ್.

ತಪ್ಪುವುದು ಟೇಪು ಹಿಡಿಯುವ ಕೈಯಲ್ಲೇ. ಮಳೆಕಾಡಿನ ದೊಡ್ಡ ಮರಗಳ ಬುಡದಲ್ಲಿ ಬೇರುಗಳು ಹಲಗೆಯಂತೆ ಎದ್ದಿರುತ್ತವೆ. ಟೇಪನ್ನು ಅವುಗಳಿಗಿಂತ ಮೇಲೆ ಸುತ್ತಬೇಕು, ಕಾಂಡಕ್ಕೆ ಹಬ್ಬಿದ ಬಳ್ಳಿಯನ್ನು ಸರಿಸಿ ಅದರ ಒಳಗಿನಿಂದ ಟೇಪು ತರಬೇಕು. ವ್ಯಾಸ ಶೇ 10ರಷ್ಟು ಹೆಚ್ಚಾದರೆ ತೂಕ ಶೇ 20ರಷ್ಟು ಹಿಗ್ಗುತ್ತದೆ. ಒಂದು ಹೆಕ್ಟೇರಿನ ತೂಕದಲ್ಲಿ ದೊಡ್ಡ ಪಾಲು ಕೆಲವೇ ಭಾರೀ ಮರಗಳದ್ದಾದ್ದರಿಂದ ಇದು ಸಣ್ಣ ತಪ್ಪಲ್ಲ.

ಪ್ರಶ್ನೆ: ಎಷ್ಟು ಕಾಡು ಹೋಯಿತೆಂದು ಉಪಗ್ರಹ ಚಿತ್ರದಲ್ಲಿ ಕಾಣುತ್ತದೆ. ಹಾಗಿದ್ದರೂ ಒಂದೇ ದೇಶಕ್ಕೆ ಎರಡು ಮೂರು ಬೇರೆ ಬೇರೆ ಅಂಕಿ ಬರುವುದೇಕೆ?

ಮೊದಲ ಕಾರಣ, ‘ಕಾಡು’ ಎಂದರೆ ಏನು ಎಂಬ ನಿಯಮ. ಅಂತರರಾಷ್ಟ್ರೀಯ ನಿಯಮದಲ್ಲಿ ದೇಶಗಳಿಗೆ ಆಯ್ಕೆ ಇದೆ: ಮರಗಳ ನೆರಳು ನೆಲದ ಶೇ 10ರಿಂದ 30, ಎತ್ತರ 2ರಿಂದ 5 ಮೀಟರ್, ವಿಸ್ತೀರ್ಣ 0.05ರಿಂದ 1 ಹೆಕ್ಟೇರ್. ಶೇ 10ಕ್ಕೆ ಕಾಡು ಎಂದು ಕರೆಯುವ ದೇಶದಲ್ಲಿ ದಟ್ಟ ಕಾಡಿನ ಮುಕ್ಕಾಲು ಮರ ಕಡಿದರೂ ‘ಅರಣ್ಯನಾಶ’ ದಾಖಲಾಗುವುದಿಲ್ಲ. ಬ್ರೆಜಿಲ್‌ನ ಬಾಹ್ಯಾಕಾಶ ಸಂಸ್ಥೆ 1988ರಿಂದ ನಡೆಸುತ್ತಿರುವ ಪ್ರೋಡೆಸ್ ಲೆಕ್ಕ ಅಮೆಜಾನಿನಲ್ಲಿ 6.25 ಹೆಕ್ಟೇರಿಗಿಂತ ದೊಡ್ಡದಾದ, ಪೂರ್ತಿ ಬೋಳಾದ ಜಾಗಗಳನ್ನು ಎಣಿಸುತ್ತದೆ. ಅದರ ವರ್ಷ ಆಗಸ್ಟ್‌ನಿಂದ ಜುಲೈವರೆಗೆ. ಕ್ಯಾಲೆಂಡರ್ ವರ್ಷದ ಲೆಕ್ಕದೊಂದಿಗೆ ಅದನ್ನು ಹೋಲಿಸಿದರೆ ತಾಳೆಯಾಗುವುದಿಲ್ಲ.

ಎರಡನೆಯ ಕಾರಣ ಹೆಚ್ಚು ಜನರಿಗೆ ಹೊಳೆಯದ್ದು. 1 ಕೋಟಿ ಹೆಕ್ಟೇರ್ ಕಾಡಿರುವ ದೇಶದಲ್ಲಿ ಒಂದು ವರ್ಷದಲ್ಲಿ ನಿಜವಾಗಿ ಹೋದದ್ದು 50,000 ಹೆಕ್ಟೇರ್ ಎಂದುಕೊಳ್ಳಿ. ನಿಮ್ಮ ನಕ್ಷೆ ಶೇ 99 ಸರಿ. ಕೇಳಲು ಚೆನ್ನಾಗಿದೆ. ಆದರೆ ಉಳಿದಿರುವ ಕಾಡಿನ ಶೇ 1ನ್ನು ತಪ್ಪಾಗಿ ‘ಹೋಯಿತು’ ಎಂದು ತೋರಿಸಿದರೂ ಸುಮಾರು 1 ಲಕ್ಷ ಹೆಕ್ಟೇರ್ ಸುಳ್ಳು ನಾಶ ಲೆಕ್ಕಕ್ಕೆ ಸೇರುತ್ತದೆ. ಅಂದರೆ ತಪ್ಪೇ ನಿಜದ ಎರಡರಷ್ಟು. ಆದ್ದರಿಂದ ನಕ್ಷೆಯ ಚೌಕಗಳನ್ನು ನೇರವಾಗಿ ಎಣಿಸಿ ಹಣ ಕೇಳುವಂತಿಲ್ಲ. ನಕ್ಷೆಯನ್ನು ವಿಭಾಗಗಳಾಗಿ ಮಾಡಿ, ಪ್ರತಿ ವಿಭಾಗದಲ್ಲೂ ಯಾದೃಚ್ಛಿಕವಾಗಿ ಬಿಂದುಗಳನ್ನು ಆರಿಸಿ, ಒಂದೊಂದನ್ನೂ ಹೆಚ್ಚು ಸ್ಪಷ್ಟವಾದ ಚಿತ್ರದಲ್ಲಿ ಮನುಷ್ಯರೇ ನೋಡಿ, ಅದರಿಂದ ವಿಸ್ತೀರ್ಣ ಮತ್ತು ಅದರ ಅನಿಶ್ಚಿತತೆಯನ್ನು ಲೆಕ್ಕ ಹಾಕಬೇಕು. ಮೋಡ ಕವಿದ ಪ್ರದೇಶಗಳಲ್ಲಿ ರೇಡಾರ್ ಚಿತ್ರಗಳ ನೆರವು ಬೇಕಾಗುತ್ತದೆ.

ಅನಿಶ್ಚಿತತೆಗೆ ಬೆಲೆಯೂ ಉಂಟು. ವಿಶ್ವಬ್ಯಾಂಕ್‌ನ ಅರಣ್ಯ ಇಂಗಾಲ ನಿಧಿಯ ನಿಯಮದಲ್ಲಿ ಅನಿಶ್ಚಿತತೆ ಶೇ 15ರೊಳಗಿದ್ದರೆ ಕಡಿತವಿಲ್ಲ. 15ರಿಂದ 30 ಇದ್ದರೆ ಶೇ 4, 30ರಿಂದ 60 ಇದ್ದರೆ ಶೇ 8, 60ರಿಂದ 100 ಇದ್ದರೆ ಶೇ 12, ಅದಕ್ಕೂ ಮೀರಿದರೆ ಶೇ 15ರಷ್ಟು ಟನ್ನುಗಳನ್ನು ಬದಿಗಿಡುತ್ತಾರೆ. ಕಡಿತ ಇನ್ನೂ ಕಠಿಣವಾಗಿರಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ಶೇ 100ರಷ್ಟು ಅನಿಶ್ಚಿತ ಎಂದರೆ ಉಳಿತಾಯ ಆಗಿಯೇ ಇಲ್ಲದಿರಬಹುದು ಎಂದರ್ಥ.

ಪ್ರಶ್ನೆ: ‘ಇಷ್ಟು ಕಾಡು ಕಡಿಯುತ್ತಿದ್ದೆವು, ಈಗ ಕಡಿಯಲಿಲ್ಲ’ ಎಂದು ಯಾರು ಬೇಕಾದರೂ ಹೇಳಬಹುದಲ್ಲ? ಆಗದೇ ಇದ್ದದ್ದನ್ನು ಅಳೆಯುವುದು ಹೇಗೆ?

ಇಡೀ ಏರ್ಪಾಡು ನಿಂತಿರುವುದೂ, ಬೀಳುವುದೂ ಇದೇ ಪ್ರಶ್ನೆಯ ಮೇಲೆ. ಆಗದೇ ಇದ್ದದ್ದನ್ನು ಅಳೆಯಲು ಬರುವುದಿಲ್ಲ. ಹಿಂದೆ ಆದದ್ದನ್ನು ಅಳೆದು, ಮುಂದೆಯೂ ಅಷ್ಟೇ ಆಗುತ್ತಿತ್ತು ಎಂದು ಗೆರೆ ಎಳೆಯಬಹುದು. ಆ ಗೆರೆಯೇ ಆಧಾರ ಮಟ್ಟ. ಅದನ್ನು ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಕೋಟಿಗಟ್ಟಲೆ ಡಾಲರ್ ಅತ್ತಿತ್ತ ಆಗುತ್ತದೆ.

ಬ್ರೆಜಿಲ್‌ನ ಲೆಕ್ಕ ನೋಡಿ. 2008ರಲ್ಲಿ ಅಮೆಜಾನ್ ನಿಧಿ ಶುರುವಾಯಿತು. ನಾರ್ವೆ 100 ಕೋಟಿ ಡಾಲರ್‌ವರೆಗೆ ಕೊಡುವುದಾಗಿ ಹೇಳಿತು. ನಿಧಿಯನ್ನು ನೋಡಿಕೊಳ್ಳುವುದು ಅಲ್ಲಿನ ಅಭಿವೃದ್ಧಿ ಬ್ಯಾಂಕ್ ಬಿಎನ್‌ಡಿಇಎಸ್. 1996ರಿಂದ 2005ರವರೆಗಿನ ಹತ್ತು ವರ್ಷಗಳ ಸರಾಸರಿ ನಾಶ, ವರ್ಷಕ್ಕೆ ಸುಮಾರು 19,500 ಚದರ ಕಿ.ಮೀ., ಮೊದಲ ಆಧಾರ ಮಟ್ಟವಾಯಿತು. 2006ರಲ್ಲಿ ಹೋದದ್ದು ಸುಮಾರು 14,000 ಚದರ ಕಿ.ಮೀ. ವ್ಯತ್ಯಾಸ 5,500 ಚದರ ಕಿ.ಮೀ., ಅಂದರೆ 5.5 ಲಕ್ಷ ಹೆಕ್ಟೇರ್. ಹೆಕ್ಟೇರಿಗೆ 100 ಟನ್ ಇಂಗಾಲ ಎಂದು ಹಿಡಿದರೆ 5.5 ಕೋಟಿ ಟನ್. 3.67ರಿಂದ ಗುಣಿಸಿದರೆ ಸುಮಾರು 20 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ಟನ್ನಿಗೆ 5 ಡಾಲರ್‌ನಂತೆ 100 ಕೋಟಿ ಡಾಲರ್. ಆ ಒಂದು ವರ್ಷದ ಫಲಿತಾಂಶದ ಮೇಲೆ ನಿಧಿ ಎತ್ತಬಹುದಾದ ಗರಿಷ್ಠ ಮೊತ್ತ ಅದು.

ಈ ಲೆಕ್ಕದಲ್ಲಿ ಮೆಚ್ಚಬೇಕಾದ್ದು ಎರಡು. ಹೆಕ್ಟೇರಿಗೆ 100 ಟನ್ ಎಂಬುದು ಬೇಕೆಂದೇ ಕಡಿಮೆ ಹಿಡಿದ ಅಂಕಿ. ಸರಾಸರಿಯನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಲೆಕ್ಕ ಹಾಕುವುದರಿಂದ ನಾಶ ಇಳಿದಂತೆ ಗೆರೆಯೂ ಇಳಿಯುತ್ತದೆ, ಹಳೆಯ ಸಾಧನೆಯನ್ನೇ ತೋರಿಸಿ ಹಣ ಕೇಳುತ್ತ ಕೂರಲಾಗುವುದಿಲ್ಲ. ಅನುಮಾನಪಡಬೇಕಾದ ಸಂಗತಿಯೂ ಇದೆ. ಆ ಹತ್ತು ವರ್ಷಗಳಲ್ಲಿ 27,772 ಚದರ ಕಿ.ಮೀ. ನಾಶವಾದ 2004 ಸೇರಿದೆ, ಅದು ಸರಾಸರಿಯನ್ನು ಮೇಲೆತ್ತಿತು. 2004ರ ನಂತರದ ಇಳಿಕೆಯಲ್ಲಿ ಸೋಯಾ ಮತ್ತು ಮಾಂಸದ ಬೆಲೆ ಕುಸಿತದ ಪಾಲೂ ಇತ್ತು.

ಆದರೆ 2012ರ ಹೊತ್ತಿಗೆ ನಾಶ 4,571 ಚದರ ಕಿ.ಮೀ.ಗೆ ಇಳಿದದ್ದು ಬರೀ ಮಾರುಕಟ್ಟೆಯ ಆಟದಿಂದಲ್ಲ. ಕಡಿಯುತ್ತಿರುವಾಗಲೇ ಎಚ್ಚರಿಸುವ ಡೀಟರ್ ಉಪಗ್ರಹ ವ್ಯವಸ್ಥೆ 2004ರಲ್ಲಿ ಬಂತು. ಹೊಸದಾಗಿ ಕಡಿದ ಜಾಗದ ಸೋಯಾ ಕೊಳ್ಳುವುದಿಲ್ಲವೆಂದು ವ್ಯಾಪಾರಿಗಳು 2006ರಲ್ಲಿ ಒಪ್ಪಿಕೊಂಡರು. 2008ರಿಂದ ಅತಿ ಹೆಚ್ಚು ಕಾಡು ಕಡಿಯುವ ಪುರಸಭೆಗಳ ಪಟ್ಟಿ ಮಾಡಿ ಬಿಗಿ ಮಾಡಿದರು, ಜಮೀನಿನ ದಾಖಲೆ ಸರಿಯಿಲ್ಲದವರಿಗೆ ಬ್ಯಾಂಕ್ ಸಾಲ ನಿಲ್ಲಿಸಿದರು. ಕಾಡು ಉಳಿಸಿದ್ದು ಮುಖ್ಯವಾಗಿ ಈ ಕ್ರಮಗಳು. ಹೊರಗಿನ ಹಣ ಅವುಗಳಿಗೆ ಬಲ ಕೊಟ್ಟಿತು.

ಪ್ರಶ್ನೆ: ಹಿಂದೆ ಹೆಚ್ಚು ಕಡಿದವರಿಗೆ ಹೆಚ್ಚು ಹಣ ಎಂದಾಯಿತು. ಮೊದಲಿನಿಂದಲೂ ಕಾಡು ಕಾಪಾಡಿಕೊಂಡು ಬಂದವರಿಗೆ ಇದು ಅನ್ಯಾಯವಲ್ಲವೇ?

ಹೌದು, ಬರೀ ಹಿಂದಿನ ಸರಾಸರಿಯನ್ನೇ ಹಿಡಿದರೆ ಅನ್ಯಾಯವೇ. ಗಯಾನಾದ ನೆಲದ ಸುಮಾರು ಶೇ 85 ಕಾಡು, ವಾರ್ಷಿಕ ನಾಶ ಶೇ 0.1ಕ್ಕಿಂತಲೂ ಕಡಿಮೆ. ಇಳಿಸಲು ಅಲ್ಲಿ ಏನೂ ಇಲ್ಲ. 2009ರಲ್ಲಿ ನಾರ್ವೆ ಆ ದೇಶದೊಂದಿಗೆ 25 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡಾಗ ಒಂದು ಉಪಾಯ ಕಂಡುಕೊಂಡರು. ಅಭಿವೃದ್ಧಿಶೀಲ ದೇಶಗಳ ಸರಾಸರಿ ನಾಶ ಶೇ 0.52, ಗಯಾನಾದ್ದು ಶೇ 0.03. ಎರಡರ ನಡುವಿನ ಶೇ 0.275 ಅದರ ಆಧಾರ ಮಟ್ಟವಾಯಿತು. ಇದ್ದ ಮಟ್ಟಕ್ಕಿಂತ ನಾಶ ಏರಿದರೆ ಹಣ ಕಡಿತ ಎಂಬ ಷರತ್ತೂ ಜೊತೆಗಿತ್ತು. ಗ್ಯಾಬನ್ ಕೂಡ ಇಂಥದ್ದೇ ಕಾಡುತುಂಬಿದ ದೇಶ. 2021ರಲ್ಲಿ ಅದಕ್ಕೆ 1.7 ಕೋಟಿ ಡಾಲರ್ ಬಂತು.

ಇಂಥ ದೇಶಗಳಿಗೆ ಹಣ ಸಲ್ಲಲೇಬೇಕು, ಈ ವಿಷಯದಲ್ಲಿ ನಮಗೆ ಅನುಮಾನವಿಲ್ಲ. ಚಿನ್ನದ ಬೆಲೆ ಏರಿದಂತೆ ಗಯಾನಾದ ಕಾಡಿನ ಮೇಲೆ ಒತ್ತಡ ಏರುತ್ತದೆ. ಕಾವಲಿಗೆ ಖರ್ಚಿದೆ. ನಮ್ಮ ತಕರಾರು ಬೇರೆ ಕಡೆ. 2022ರ ಡಿಸೆಂಬರ್‌ನಲ್ಲಿ ಗಯಾನಾ 3.75 ಕೋಟಿ ಕ್ರೆಡಿಟ್‌ಗಳನ್ನು (ಒಂದು ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯಕ್ಕೆ ಕೊಡುವ, ಮಾರಬಹುದಾದ ಪತ್ರವೇ ಒಂದು ಕ್ರೆಡಿಟ್) ಹೆಸ್ ತೈಲ ಕಂಪನಿಗೆ ಕನಿಷ್ಠ 75 ಕೋಟಿ ಡಾಲರ್‌ಗೆ ಮಾರಲು ಒಪ್ಪಿತು. ಕಾಡು ಕಾಯ್ದದ್ದಕ್ಕೆ ಬಹುಮಾನ ಕೊಟ್ಟರೆ ಅದು ಒಳ್ಳೆಯದು. ಅದೇ ಟನ್ನನ್ನು ತೋರಿಸಿ ಬೇರೊಬ್ಬರು ತಮ್ಮ ಹೊಗೆಗೆ ಸರಿತೂಗಿಸಿಕೊಂಡರೆ ಆ ಟನ್ ನಿಜವಾಗಿ ಕಡಿಮೆಯಾದದ್ದೇ ಆಗಿರಬೇಕು. ಎಂದೂ ಕಡಿಯದ ಕಾಡಿನ ವಿಷಯದಲ್ಲಿ ಅದನ್ನು ತೋರಿಸುವುದು ಕಷ್ಟ. ಅಮೆಜಾನ್ ನಿಧಿಗೆ ಹಣ ಕೊಟ್ಟವರಿಗೆ ಸಿಗುವುದು ಇಷ್ಟು ಟನ್ ಇಳಿಕೆಗೆ ನೆರವಾದಿರಿ ಎಂಬ ಪ್ರಮಾಣಪತ್ರ ಮಾತ್ರ, ಅದನ್ನು ಮಾರುವಂತಿಲ್ಲ. ಅದೇ ಸರಿಯಾದ ಮಾದರಿ.

ಪ್ರಶ್ನೆ: ಕಾಡಿನ ಕಾರ್ಬನ್ ಕ್ರೆಡಿಟ್‌ಗಳಲ್ಲಿ ಹೆಚ್ಚಿನವು ಪೊಳ್ಳು ಎಂದು ಓದಿದೆ. ಹಾಗಾದರೆ ರೆಡ್ ಪ್ಲಸ್ ಕೂಡ ಪೊಳ್ಳೇ?

ಎರಡನ್ನೂ ಬೇರೆ ಬೇರೆ ನೋಡಬೇಕು. ಒಂದು, ದೇಶ ಅಥವಾ ರಾಜ್ಯ ಮಟ್ಟದ ಲೆಕ್ಕ, ಇಲ್ಲಿಯವರೆಗೆ ಹೇಳಿದ್ದು ಅದನ್ನೇ. ಇನ್ನೊಂದು, ಯಾವುದೋ ಒಂದು ಕಾಡಿನ ತುಂಡನ್ನು ಖಾಸಗಿಯವರು ವಹಿಸಿಕೊಂಡು ಕ್ರೆಡಿಟ್ ಮಾರುವ ಯೋಜನೆ. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವು ಆರು ದೇಶಗಳ 26 ಯೋಜನೆಗಳನ್ನು ಪರೀಕ್ಷಿಸಿ, ಹೆಚ್ಚಿನವು ಅರಣ್ಯನಾಶವನ್ನು ಗಮನಾರ್ಹವಾಗಿ ಇಳಿಸಿಲ್ಲ ಎಂದಿತು. ಮೋಸದ ಮೂಲ ಮತ್ತೆ ಆಧಾರ ಮಟ್ಟವೇ. ಹೋಲಿಕೆಗೆ ಯಾವ ಪ್ರದೇಶ ಎಂಬುದನ್ನು ಯೋಜನೆಯವರೇ ಆರಿಸಬಹುದಿತ್ತು. ರಸ್ತೆ ಪಕ್ಕದ, ಬೇಗ ಬೋಳಾಗುತ್ತಿರುವ ಜಾಗವನ್ನು ಹೋಲಿಕೆಗೆ ಇಟ್ಟುಕೊಂಡು, ಯಾರೂ ತಲುಪಲಾಗದ ಕಡಿದಾದ ಕಾಡಿನ ಮೇಲೆ ಕ್ರೆಡಿಟ್ ಕೇಳಿದರೆ ಕಾಗದದ ಮೇಲೆ ಅದ್ಭುತ ಉಳಿತಾಯ. ಕ್ರೆಡಿಟ್ ನೋಂದಾಯಿಸುವ ವೆರಾ ಸಂಸ್ಥೆ 2023ರ ಕೊನೆಯಲ್ಲಿ ಹೊಸ ವಿಧಾನ ತಂದಿತು. ಅದರಲ್ಲಿ ಇಡೀ ಆಡಳಿತ ಪ್ರದೇಶದ ನಾಶದ ಅಂದಾಜನ್ನು ಮೊದಲು ಮಾಡಿ, ಅಪಾಯದ ನಕ್ಷೆಯ ಪ್ರಕಾರ ಪ್ರತಿ ಯೋಜನೆಗೂ ಪಾಲು ಹಂಚುತ್ತಾರೆ. ಕ್ರೆಡಿಟ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದ್ದಲ್ಲ: ಗೆರೆ ಎಳೆದವರು ಯಾರು?

ಪ್ರಶ್ನೆ: ಇಲ್ಲಿ ಕಾವಲು ಹಾಕಿದರೆ ಕೊಡಲಿ ಪಕ್ಕದ ಕಾಡಿಗೆ ಹೋಗುತ್ತದೆ. ಉಳಿಸಿದ ಕಾಡಿಗೇ ಮುಂದೆ ಬೆಂಕಿ ಬೀಳಬಹುದು. ಇವಕ್ಕೆ ಏನು ಉಪಾಯ?

ಪಕ್ಕಕ್ಕೆ ಹೋಗುವುದಕ್ಕೆ ಉತ್ತರ, ಲೆಕ್ಕದ ಪ್ರದೇಶವನ್ನು ದೊಡ್ಡದು ಮಾಡುವುದು. ಇಡೀ ದೇಶವನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಸರಿದ ನಾಶ ತಾನಾಗಿ ಸಿಕ್ಕಿಬೀಳುತ್ತದೆ. ಗಡಿ ದಾಟಿದ್ದು ಮಾತ್ರ ತಪ್ಪಿಸಿಕೊಳ್ಳುತ್ತದೆ. ಬೆಂಕಿಗಾಗಿ ಮೀಸಲು ಖಾತೆ ಇದೆ. ಅರಣ್ಯ ಇಂಗಾಲ ನಿಧಿಯಲ್ಲಿ ಅಪಾಯದ ಪ್ರಮಾಣ ನೋಡಿ ಶೇ 10ರಿಂದ 40ರಷ್ಟು ಟನ್ನುಗಳನ್ನು ಮಾರದೆ ಇಡಬೇಕು, ಉಳಿತಾಯ ಮುಂದೆ ನಷ್ಟವಾದರೆ ಅಲ್ಲಿಂದ ತುಂಬಿಕೊಡುತ್ತಾರೆ.

ಪ್ರಶ್ನೆ: ಹಣ ಪಡೆದ ಮೇಲೆ ಮತ್ತೆ ಕಡಿದರೆ ವಾಪಸ್ ಕೊಡಬೇಕೇ?

ದೇಶಗಳ ನಡುವಿನ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇಲ್ಲ, ಮುಂದಿನ ಕಂತು ನಿಲ್ಲುತ್ತದೆ. ಅಮೆಜಾನ್ ನಿಧಿ 2019ರಲ್ಲಿ ಸ್ಥಗಿತವಾಯಿತು, 2023ರ ಜನವರಿಯಲ್ಲಿ ಮತ್ತೆ ಚಾಲೂ ಆಯಿತು. ನಡುವೆ, 2021ರಲ್ಲಿ, ನಾಶ 13,038 ಚದರ ಕಿ.ಮೀ.ಗೆ ಏರಿತ್ತು.

ಪ್ರಶ್ನೆ: ಟನ್ನಿಗೆ 5 ಡಾಲರ್ ಸಾಕಾಗುತ್ತದೆಯೇ? ಈ ಹಣ ಕಾಡಿನಲ್ಲಿ ಬದುಕುವವರ ಕೈ ಸೇರುತ್ತದೆಯೇ?

ಹೆಕ್ಟೇರಿಗೆ ಬೇರು ಸೇರಿ 400 ಟನ್ ಒಣತೂಕವಿರುವ ದಟ್ಟ ಮಳೆಕಾಡನ್ನು ಹಿಡಿಯೋಣ. 188 ಟನ್ ಇಂಗಾಲ, 690 ಟನ್ ಇಂಗಾಲದ ಡೈಆಕ್ಸೈಡ್, 5 ಡಾಲರ್‌ನಂತೆ 3,450 ಡಾಲರ್. ಬಹಳವೆನಿಸುತ್ತದೆ. ಆದರೆ ಹಣ ಸಿಗುವುದು ನಿಂತಿರುವ ಎಲ್ಲ ಕಾಡಿಗಲ್ಲ, ತಪ್ಪಿದ ನಾಶಕ್ಕೆ. ವರ್ಷಕ್ಕೆ ಶೇ 0.5 ಹೋಗುತ್ತಿದ್ದ ಕಡೆ ನಾಶವನ್ನು ಪೂರ್ತಿ ನಿಲ್ಲಿಸಿದರೂ, ಕಾಯ್ದ ಪ್ರತಿ ಹೆಕ್ಟೇರಿಗೆ ಹಂಚಿದಾಗ ಬರುವುದು ವರ್ಷಕ್ಕೆ 17 ಡಾಲರ್. ಎಣ್ಣೆತಾಳೆ ತೋಟದ ಆದಾಯದ ಎದುರು ಇದು ನಿಲ್ಲುವುದಿಲ್ಲ. ಅದಕ್ಕೇ ಈ ಹಣವನ್ನು ಜಮೀನಿನ ನಷ್ಟಪರಿಹಾರ ಎಂದು ನೋಡಬಾರದು. ಗಸ್ತು, ಗಡಿ ಗುರುತು, ಹಕ್ಕುಪತ್ರ, ಕಡಿಯದೇ ಬೆಳೆಯುವ ಬೇಸಾಯಕ್ಕೆ ನೆರವು, ಇವುಗಳ ಖರ್ಚಿಗೆ ಅದು ಸಾಲುತ್ತದೆ. ಬೆಲೆ ಏರುವ ಸೂಚನೆಯೂ ಇದೆ. ಕಾಡಿನ ಕ್ರೆಡಿಟ್ ಕೊಳ್ಳಲು ಸರ್ಕಾರಗಳೂ ಕಂಪನಿಗಳೂ ಸೇರಿ 2021ರಲ್ಲಿ ಶುರುಮಾಡಿದ ಲೀಫ್ ಒಕ್ಕೂಟ ಟನ್ನಿಗೆ ಕನಿಷ್ಠ 10 ಡಾಲರ್ ಎಂದಿತು.

ಇನ್ನು ಕೈ ಸೇರುವ ಮಾತು. ಮೊದಲ ತೊಡಕು ವಿಳಂಬ. ಘಾನಾದ ಕೋಕೋ ಕಾಡುಗಳ ಕಾರ್ಯಕ್ರಮ 2019ರ ಜೂನ್‌ನಿಂದ ಡಿಸೆಂಬರ್‌ವರೆಗೆ 9,72,456 ಟನ್ ಇಳಿಸಿತು. ಅದರ 48.6 ಲಕ್ಷ ಡಾಲರ್ ಬಂದದ್ದು 2023ರ ಜನವರಿಯಲ್ಲಿ. ಅಳತೆ, ವರದಿ, ಹೊರಗಿನವರ ಪರಿಶೀಲನೆ ಮುಗಿಯಲು ಮೂರು ವರ್ಷ. ಈ ವರ್ಷದ ಊಟಕ್ಕೆ ಮರ ಕಡಿಯುವ ರೈತ ಅಷ್ಟು ಕಾಯಲಾರ. ಇಂಡೊನೇಷ್ಯಾ 2010ರಲ್ಲಿ ನಾರ್ವೆಯೊಂದಿಗೆ 100 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು, ಇಳಿಕೆ ತೋರಿಸಿದರೂ ಹಣ ಬರಲಿಲ್ಲವೆಂದು 2021ರಲ್ಲಿ ಅದನ್ನು ಕೈಬಿಟ್ಟಿತು. ಮರುವರ್ಷ ಹೊಸ ಒಪ್ಪಂದವಾಯಿತು.

ಎರಡನೆಯದು ಹಕ್ಕುಪತ್ರ. ತಲೆಮಾರುಗಳಿಂದ ಕಾಡು ಕಾಯ್ದವರ ಹೆಸರಿನಲ್ಲಿ ಜಮೀನೇ ಇಲ್ಲದಿದ್ದರೆ ಹಣ ಸರ್ಕಾರದ ಖಜಾನೆಗೋ ಗುತ್ತಿಗೆ ಹಿಡಿದವರಿಗೋ ಹೋಗುತ್ತದೆ. ಕೋಸ್ಟರಿಕಾ 1997ರಿಂದ ಇಂಧನ ತೆರಿಗೆಯ ಒಂದು ಪಾಲನ್ನು ಫೊನಾಫಿಫೊ ನಿಧಿಯ ಮೂಲಕ ಕಾಡಿನ ಒಡೆಯರಿಗೆ ಒಪ್ಪಂದ ಮಾಡಿಕೊಂಡು ನೇರವಾಗಿ ಕೊಡುತ್ತಿದೆ. ಗಯಾನಾ ಮೂಲನಿವಾಸಿ ಗ್ರಾಮಗಳಿಗೆ ಶೇ 15 ಮೀಸಲಿಟ್ಟಿದೆ. ಆದರೂ ತಮ್ಮನ್ನು ಸರಿಯಾಗಿ ಕೇಳದೆ ಕ್ರೆಡಿಟ್ ಮಾಡಲಾಗಿದೆ ಎಂದು ಅಲ್ಲಿನ ಮೂಲನಿವಾಸಿ ಸಂಘಟನೆ ದೂರು ಕೊಟ್ಟಿತು. ಹಂಚಿಕೆಯ ಪ್ರಮಾಣ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ, ಜನರ ಭಾಷೆಯಲ್ಲಿ, ಅವರ ಮುಂದೆ ತೀರ್ಮಾನವಾಗಬೇಕು. ಹಣ ಬಂದ ಮೇಲೆ ಕೂತು ಹಂಚಿದರೆ ದೊಡ್ಡವರ ಪಾಲೇ ದೊಡ್ಡದಾಗುತ್ತದೆ.

ಪ್ರಶ್ನೆ: 2025ರಲ್ಲಿ ಬ್ರೆಜಿಲ್ ಚಾಲನೆ ಕೊಟ್ಟ ಹೊಸ ನಿಧಿ ಇದಕ್ಕಿಂತ ಹೇಗೆ ಬೇರೆ?

ಆ ವರ್ಷದ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದ ಹೊತ್ತಿಗೆ ಚಾಲನೆ ಪಡೆದ ಈ ನಿಧಿ ಟನ್ನುಗಳನ್ನು ಎಣಿಸುವುದೇ ಇಲ್ಲ. ನಿಂತಿರುವ ಕಾಡಿಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 4 ಡಾಲರ್ ಕೊಡುವುದು ಅದರ ಗುರಿ. ಹೀಗಾಗಿ ಆಧಾರ ಮಟ್ಟದ ಜಗಳವಿಲ್ಲ, ಗಯಾನಾದಂಥ ದೇಶಕ್ಕೆ ಕಸರತ್ತೂ ಬೇಡ. ಕಡಿದರೆ ದಂಡ ಜೋರಾಗಿದೆ: ಒಂದು ಹೆಕ್ಟೇರ್ ನಾಶಕ್ಕೆ ಕನಿಷ್ಠ 100 ಹೆಕ್ಟೇರಿನ ಹಣ ಕಡಿತ, ಅಂದರೆ 400 ಡಾಲರ್. ಬಂದ ಹಣದಲ್ಲಿ ಶೇ 20 ಮೂಲನಿವಾಸಿಗಳಿಗೆ ಮತ್ತು ಸ್ಥಳೀಯ ಸಮುದಾಯಗಳಿಗೆ.

ಹಣದ ಮೂಲ ಮಾತ್ರ ಗಮನವಿಟ್ಟು ನೋಡಬೇಕಾದ್ದು. ಸರ್ಕಾರಗಳಿಂದ 2,500 ಕೋಟಿ, ಖಾಸಗಿ ಹೂಡಿಕೆದಾರರಿಂದ 10,000 ಕೋಟಿ ಡಾಲರ್ ಎತ್ತಿ, ಅದನ್ನು ಹೆಚ್ಚು ಬಡ್ಡಿಯ ಬಾಂಡ್‌ಗಳಲ್ಲಿ ತೊಡಗಿಸುವುದು ಯೋಜನೆ. ಹೂಡಿದವರ ಬಡ್ಡಿ ಮೊದಲು ಸಲ್ಲುತ್ತದೆ, ಮಿಕ್ಕ ವ್ಯತ್ಯಾಸ ಕಾಡಿನ ದೇಶಗಳಿಗೆ. ಬಾಂಡ್ ಮಾರುಕಟ್ಟೆ ಕೆಟ್ಟ ವರ್ಷ ಕಾಡು ಚೆನ್ನಾಗಿ ಕಾಯ್ದ ದೇಶಕ್ಕೂ ಹಣ ಕಡಿಮೆಯಾಗಬಹುದು. ಅಂಥ ವರ್ಷಗಳಿಗೆಂದು ಒಳ್ಳೆಯ ವರ್ಷಗಳ ಆದಾಯದಿಂದ ಎಷ್ಟು ತೆಗೆದಿಡುತ್ತಾರೆ ಎಂಬುದನ್ನು ಸೇರಬಯಸುವ ದೇಶಗಳು ಈಗಲೇ ಕೇಳಿ ಬರವಣಿಗೆಯಲ್ಲಿ ಪಡೆಯಬೇಕು.